ಉಪ್ಪಿಗೆ ಮುಂಚೆ

ಮಗಳು ತಾನು ಕೆಲಸ ಮಾಡುವ ಔಷಧಿ ಅಂಗಡಿಯಿಂದ ಮಗುವಿನ ಹಿಟ್ಟಿನ ಡಬ್ಬಿ ತಂದು ಮೇಜಿನ ಮೇಲೆ ಇಟ್ಟಾಗ, ನಾನು ಮುಚ್ಚಳ ತೆಗೆದು ಮೂಸಿ ನೋಡಿ, "ಥೂ, ಗೋಡೆಗೆ ಬಳಿಯೋ ಸುಣ್ಣದ ವಾಸನೆ" ಎಂದೆ. ಸುಳ್ಳು. ನನಗೆ ಯಾವ ವಾಸನೆಯೂ ಬಂದಿರಲಿಲ್ಲ. ಆ ಡಬ್ಬಿಯಲ್ಲಿ ಸುಣ್ಣ ಇದ್ದರೂ ಅಷ್ಟೇ, ಸೆಂಟು ಇದ್ದರೂ ಅಷ್ಟೇ.

ಆಗಲೇ ನನ್ನ ಮೂಗು ಸತ್ತು ನಾಲ್ಕು ತಿಂಗಳಾಗಿತ್ತು. ಒಂದು ವಾರ ಜ್ವರ ಬಂತು. ಹೋಗುವಾಗ ಮೂಗನ್ನೂ ನಾಲಿಗೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಜ್ವರ ಬಿಟ್ಟ ಮೇಲೆ ಮೊದಲ ದಿನ ಒಲೆ ಮುಂದೆ ನಿಂತು ಈರುಳ್ಳಿ ಹುರಿಯುತ್ತಿದ್ದೆ, ಹಿಂದಿನಿಂದ "ಅಕ್ಕಾ, ಸೀದು ಹೋಗ್ತಿದೆ!" ಎಂಬ ಕೂಗು ಕೇಳಿಸಿತು. ಬಗ್ಗಿ ನೋಡಿದರೆ ಬಾಣಲೆಯ ತುಂಬ ಇದ್ದಿಲು. ತಲೆ ಸುತ್ತು ಬಂತು ಎಂದು ಹೇಳಿ ತಪ್ಪಿಸಿಕೊಂಡೆ. ಆ ದಿನ ಮಧ್ಯಾಹ್ನ ಉಗ್ರಾಣದ ಬಾಗಿಲು ಹಾಕಿಕೊಂಡು, ಉಪ್ಪು, ಸಕ್ಕರೆ, ಹುಣಸೆಹಣ್ಣು, ಮೆಣಸಿನಪುಡಿ ಒಂದೊಂದಾಗಿ ಬಾಯಿಗೆ ಹಾಕಿಕೊಂಡೆ. ಮೆಣಸಿನಪುಡಿ ಮಾತ್ರ ಸ್ವಲ್ಪ ಸುಟ್ಟಿತು. ಮಿಕ್ಕಿದ್ದೆಲ್ಲ ಮಣ್ಣು. ಅಲ್ಲೇ ಗೋಣಿಚೀಲದ ಮೇಲೆ ಕೂತು ಅತ್ತೆ.

ಅಳದೆ ಏನು ಮಾಡಲಿ? ನಾನು ಬಸ್ ಡಿಪೋದ ಕ್ಯಾಂಟೀನಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಸೌಟು ಹಿಡಿದವಳು. ಡ್ರೈವರು, ಕಂಡಕ್ಟರು, ವರ್ಕ್‌ಶಾಪಿನವರು ಎಲ್ಲ ಸೇರಿ ಎರಡು ಪಾಳಿಗೆ ಮುನ್ನೂರು ತಟ್ಟೆ. ಇಷ್ಟು ವರ್ಷದಲ್ಲಿ ನಾನು ಒಂದು ದಿನವೂ ಅಳತೆ ಚಮಚ ಮುಟ್ಟಿದವಳಲ್ಲ. ಹಿಡಿಯಲ್ಲಿ ಉಪ್ಪು, ಚಿಟಿಕೆಯಲ್ಲಿ ಜೀರಿಗೆ, ಕೊನೆಗೆ ಸೌಟಿನ ಬೆನ್ನಿಂದ ಒಂದು ಹನಿ ಅಂಗೈಗೆ, ಅಂಗೈಯಿಂದ ನಾಲಿಗೆಗೆ. ಅಷ್ಟೇ ನನ್ನ ವಿದ್ಯೆ. ನಮ್ಮ ಅಡುಗೆಮನೆಯಲ್ಲಿ ಆ ಹನಿ ನೋಡುವುದು ಸೌಟು ಹಿಡಿದವಳು ಮಾತ್ರ. ಬೇರೆಯವರಿಗೆ "ಸ್ವಲ್ಪ ನೋಡೇ" ಎಂದರೆ ಸೌಟು ಬಿಟ್ಟುಕೊಟ್ಟ ಹಾಗೇ. ನಾಲಿಗೆ ಹೋಗಿದೆ ಎಂದು ಗೊತ್ತಾದರೆ ಮರುದಿನವೇ ನನ್ನ ಜಾಗದಲ್ಲಿ ತರಕಾರಿ ಹೆಚ್ಚುವವಳು ನಿಂತಿರುತ್ತಾಳೆ. ಅವಳನ್ನು ನಾವೆಲ್ಲ ಈರುಳ್ಳಿ ಎಂದೇ ಕರೆಯುತ್ತೇವೆ. ಮೂಟೆ ಈರುಳ್ಳಿ ಹೆಚ್ಚಿದರೂ ಕಣ್ಣಲ್ಲಿ ಒಂದು ಹನಿ ನೀರು ಬಾರದ ಗಟ್ಟಿಗಿತ್ತಿ. ಹತ್ತು ವರ್ಷದಿಂದ ಅವಳ ಕೈ ಈಳಿಗೆಯ ಮೇಲೆ, ಕಣ್ಣು ನನ್ನ ಸೌಟಿನ ಮೇಲೆ.

ಹಾಗಾಗಿ ಬಾಯಿ ಮುಚ್ಚಿಕೊಂಡೆ. ಕೈಗೆ ಇಪ್ಪತ್ತೆಂಟು ವರ್ಷದ ಅಭ್ಯಾಸ ಇತ್ತಲ್ಲ, ಅದೇ ನಾಲ್ಕು ತಿಂಗಳು ನಡೆಸಿತು. ಹನಿಯನ್ನು ನಾಲಿಗೆಗೆ ಮುಟ್ಟಿಸಿ, ಕಣ್ಣು ಅರ್ಧ ಮುಚ್ಚಿ, "ಹೂಂ, ಸರಿಯಾಗಿದೆ" ಎಂದು ತಲೆಯಾಡಿಸುವ ನಾಟಕವನ್ನು ದಿನಕ್ಕೆರಡು ಸಲ ಆಡುತ್ತಿದ್ದೆ. ಯಾರಿಗೂ ಅನುಮಾನ ಬರಲಿಲ್ಲ.

ಡಬ್ಬಿಯ ವಿಷಯಕ್ಕೆ ಬರುತ್ತೇನೆ. ಮೊಮ್ಮಗಳಿಗೆ ಆರು ತಿಂಗಳು ತುಂಬಿತ್ತು. ಮಗಳು ಮತ್ತೆ ಅಂಗಡಿಗೆ ಹೋಗಲು ಶುರು ಮಾಡಿದ್ದಳು. ಅಳಿಯ ಲಾರಿಯವನು, ತಿಂಗಳಿಗೆ ಎರಡು ಸಲ ಮುಖ ತೋರಿಸಿದರೆ ಹೆಚ್ಚು. ಅವರ ಮನೆ ಅಂಗಡಿಯ ಮೇಲಿನ ಎರಡು ಕೋಣೆ, ನನ್ನದು ಡಿಪೋದ ಹಿಂದಿನ ಬೀದಿ. ಹಗಲು ಮಗುವನ್ನು ನಾನೇ ನೋಡಿಕೊಳ್ಳುವುದೆಂದು ಮಾತಾಗಿತ್ತು. ಏನು ತಿನ್ನಿಸುವುದು ಎಂಬಲ್ಲಿ ಜಗಳ ಹತ್ತಿಕೊಂಡಿತು.

"ನಮ್ಮ ಅಂಗಡೀಲಿ ಇದನ್ನ ದಿನಾ ಎಷ್ಟು ಜನ ಕೇಳ್ಕೊಂಡು ಬರ್ತಾರೆ ಗೊತ್ತಾ ಅಮ್ಮ?" ಎಂದಳು ಮಗಳು.

"ಬರೋರು ಬರ್ಲಿ ಬಿಡು. ನೀನು ಡಬ್ಬಿ ತಿಂದು ಬೆಳೆದ್ಯೇನೇ? ನನ್ನ ತಟ್ಟೆಯಿಂದ ತಿಂದು ಬೆಳೆದೆ. ಆರು ತಿಂಗಳಿಗೆ ಬೆಳ್ಳುಳ್ಳಿ, ಏಳಕ್ಕೆ ಮೆಣಸು, ಎಂಟಕ್ಕೆ ನನ್ನ ಬೆರಳನ್ನೇ ಕಚ್ಚಿದೆ. ಮನೆ ಮಂದಿ ತಿನ್ನೋದನ್ನ ಮಗೂನೂ ತಿನ್ಬೇಕು ಕಣೇ. ಈಗ ಸಪ್ಪೆ ಹಿಟ್ಟು ಕಲಿಸಿ, ಆಮೇಲೆ ಚಮಚ ಹಿಡ್ಕೊಂಡು ಅದರ ಹಿಂದೆ ಬೀದಿ ಸುತ್ತುತೀಯಾ?"

ಇದು ಸುಳ್ಳಲ್ಲ. ಇದನ್ನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಜೀರಿಗೆ, ಬೆಳ್ಳುಳ್ಳಿ, ಚಕ್ಕೆ, ಕೊತ್ತಂಬರಿ ಬೀಜ ಇವುಗಳ ಪರಿಚಯವನ್ನು ಹಲ್ಲು ಬರುವುದಕ್ಕೆ ಮುಂಚೆಯೇ ಮಾಡಿಸಬೇಕು. ಆಮೇಲೆ ಊಟಕ್ಕೆ ಕೂತರೆ ಎಲ್ಲರೂ ಒಂದೇ ಪಾತ್ರೆಯಿಂದ ಉಣ್ಣುತ್ತಾರೆ. ನನ್ನ ಮಗಳು ಹಾಗೆ ಬೆಳೆದವಳು, ಬಟ್ಟಲಲ್ಲಿ ಒಂದು ಅಗುಳು ಬಿಟ್ಟವಳಲ್ಲ.

ಅದು ಅವಳಿಗೂ ನೆನಪಿತ್ತು. ಮೆತ್ತಗಾದಳು. "ಖಾರ?"

"ಖಾರ ಹಾಕೋಕೆ ಮುಂಚೆ ತೆಗೀತೀನಿ."

"ಉಪ್ಪು ಅಮ್ಮ? ಒಂದು ವರ್ಷ ಆಗೋವರೆಗೂ ಉಪ್ಪು ಬೇಡವೇ ಬೇಡ ಅಂತಾರೆ. ಮಕ್ಕಳ ಕಿಡ್ನಿಗೆ ತಡೆಯಲ್ಲವಂತೆ."

"ಉಪ್ಪಿಗೆ ಮುಂಚೆ ಅವಳ ಬಟ್ಟಲು ತೆಗೆದಿಡ್ತೀನಿ. ನಿನಗೂ ಹಾಗೇ ತೆಗೀತಿದ್ದೆ."

"ಮಾತು ಕೊಡು."

"ಕೊಟ್ಟೆ ಕಣೇ, ತಾಯಿ! ಮುನ್ನೂರು ಜನಕ್ಕೆ ಉಣ್ಣಿಸೋಳ ಹತ್ರ ಮುಚ್ಚಳಿಕೆ ಬರೆಸ್ಕೋತೀಯಾ?" ಎಂದು ನಕ್ಕೆ. ಅವಳೂ ನಕ್ಕಳು. ಡಬ್ಬಿಯನ್ನು ಕಪಾಟಿನ ಮೇಲಿನ ಅರೆಗೆ ತಳ್ಳಿದಳು.

ಸೂಪರ್‌ವೈಸರು ಒಳ್ಳೆಯ ಮನುಷ್ಯ. ಮಗುವನ್ನು ಕ್ಯಾಂಟೀನಿಗೆ ಕರೆತರುತ್ತೇನೆಂದಾಗ, "ಒಲೆ ಹತ್ರ ಬರಬಾರದು ಅಷ್ಟೇ ಅಮ್ಮ" ಎಂದು ಒಪ್ಪಿಕೊಂಡ. ಉಗ್ರಾಣದ ಬಾಗಿಲ ಬಳಿ ಟೊಮೆಟೊ ಬರುವ ದೊಡ್ಡ ಕ್ರೇಟು ಇಟ್ಟು, ಒಳಗೆ ಕಂಬಳಿ ಹಾಸಿ ಮಗುವನ್ನು ಕೂರಿಸುತ್ತಿದ್ದೆ. ಅಲ್ಲಿಂದ ಅವಳಿಗೆ ನನ್ನ ಬೆನ್ನೂ ಒಲೆಯ ಹಬೆಯೂ ಕಾಣುತ್ತಿತ್ತು. ಚಮಚ ಕಂಡರೆ ಸಾಕು, ಕತ್ತು ಚಾಚಿ ಬಾಯಿ ಅಗಲಿಸುತ್ತಿದ್ದಳು. ಅದಕ್ಕೇ ಗುಬ್ಬಿ ಎಂದು ಕರೆದೆ. ಹೆಸರು ಅಂಟಿಕೊಂಡಿತು.

ಮೊದಲ ದಿನ ಬೇಳೆ ನುಣ್ಣಗೆ ಬೆಂದ ಮೇಲೆ, ಅರಿಶಿನ, ಜೀರಿಗೆ, ಎರಡು ಎಸಳು ಬೆಳ್ಳುಳ್ಳಿ ಬಿದ್ದ ಮೇಲೆ, ಉಪ್ಪಿಗೆ ಮುಂಚೆ ಒಂದು ಸೌಟು ತೆಗೆದೆ. ಅನ್ನ ಕಿವುಚಿ ಕಲಸಿ ಬಾಯಿಗಿಟ್ಟೆ. ಮುಖ ಹಿಂಡಿದಳು. ಕಣ್ಣು ಅರಳಿಸಿದಳು. ಸ್ವಲ್ಪ ಉಗಿದಳು. ಉಗಿದದ್ದನ್ನು ಕೈಯಿಂದ ಬಳಿದು ತಾನೇ ಮತ್ತೆ ಬಾಯಿಗೆ ಹಾಕಿಕೊಂಡಳು. ಊಟಕ್ಕೆ ಬಂದಿದ್ದ ವರ್ಕ್‌ಶಾಪಿನ ಹಿರಿಯ ಮೆಕ್ಯಾನಿಕ್ಕು ಕಿಟಕಿಯಿಂದ ನೋಡಿ, "ನಮ್ಮ ಡಿಪೋಗೆ ಹೊಸ ಗಿರಾಕಿ ಬಂದ್ಳಪ್ಪಾ" ಎಂದು ತಟ್ಟೆ ಬಡಿದು ಕೂಗಿದ. ಎಷ್ಟು ತೊಳೆದರೂ ಉಗುರಿನ ಕಪ್ಪು ಹೋಗದ ಆ ಮನುಷ್ಯನಿಗೆ ಗ್ರೀಸಣ್ಣ ಎಂದು ಹೆಸರು. ಆ ದಿನ ನನಗೆ ಎಷ್ಟು ಸಂತೋಷವಾಯಿತೆಂದರೆ, ನಾಲಿಗೆ ಹೋದದ್ದೇ ಮರೆತುಹೋಗಿತ್ತು.

ಮೂರು ವಾರ ಹಾಗೇ ನಡೆಯಿತು. ಮಾತಿಗೆ ಒಂದು ದಿನವೂ ತಪ್ಪಲಿಲ್ಲ. ಕುಂಬಳಕಾಯಿಗೆ ಚಕ್ಕೆ ಹಾಕಿ ಕೊಟ್ಟೆ, ಆಲೂಗಡ್ಡೆಗೆ ಚಿಟಿಕೆ ಕಾಳುಮೆಣಸು ಹಾಕಿ ಕೊಟ್ಟೆ, ಮೀನಿನ ಮುಳ್ಳು ಬಿಡಿಸಿ ಶುಂಠಿಯ ಜೊತೆ ಕಿವುಚಿ ಕೊಟ್ಟೆ. ಗುಬ್ಬಿ ಎಲ್ಲದಕ್ಕೂ ಬಾಯಿ ತೆರೆದಳು. ಅವಳ ಮುಖ ನೋಡುತ್ತ ನೋಡುತ್ತ ನನಗೆ ಅದನ್ನು ಓದುವುದು ಬಂತು. ಶುಂಠಿ ಹೆಚ್ಚಾದರೆ ಎಡಗಣ್ಣು ಮುಚ್ಚುತ್ತಿತ್ತು. ಹುಳಿ ತಗುಲಿದರೆ ಭುಜ ನಡುಗುತ್ತಿತ್ತು. ಹದವಾಗಿದ್ದರೆ ಕಾಲಿನ ಹೆಬ್ಬೆರಳು ಆಡುತ್ತಿತ್ತು.

ಅಷ್ಟರಲ್ಲಿ ಹರಳುಪ್ಪಿನ ಮೂಟೆ ನಿಂತಿತು. ಇನ್ನು ಮುಂದೆ ಪುಡಿ ಉಪ್ಪೇ ಎಂದ ಸೂಪರ್‌ವೈಸರು. ನಾನು "ಆಯ್ತು" ಎಂದೆ, ಎಂದಿನಂತೆ ಹಿಡಿ ತುಂಬ ತೆಗೆದು ಹಾಕಿದೆ. ಹರಳು ಹಿಡಿದರೆ ಬೆರಳ ಸಂದಿಯಲ್ಲಿ ಗಾಳಿಯೇ ಅರ್ಧ ಇರುತ್ತದೆ, ಪುಡಿ ಹಿಡಿದರೆ ಹಿಡಿಯೆಲ್ಲ ಉಪ್ಪೇ. ಹೊಸದಾಗಿ ಮದುವೆಯಾದವಳಿಗೂ ಇದು ಗೊತ್ತಿರುತ್ತದೆ. ಆದರೆ ನಾಲಿಗೆ ಇದ್ದವಳಿಗೆ ಇದನ್ನು ಯೋಚಿಸಬೇಕಾಗಿಯೇ ಇಲ್ಲ, ಒಂದು ಹನಿ ನೋಡಿದರೆ ಗೊತ್ತಾಗಿಬಿಡುತ್ತದೆ. ನಾನು ಯೋಚಿಸಲಿಲ್ಲ. ಮಧ್ಯಾಹ್ನ ಮೂವತ್ತು ತಟ್ಟೆ ವಾಪಸು ಬಂತು.

"ಏನಕ್ಕಾ, ನಮ್ಮನ್ನ ಉಪ್ಪಿನಕಾಯಿ ಹಾಕ್ತೀಯಾ?" ಎಂದ ಗ್ರೀಸಣ್ಣ. ಎಲ್ಲರೂ ನಕ್ಕರು. ಈರುಳ್ಳಿ ಮಾತ್ರ ನಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

ಮರುದಿನ ಹಿಡಿ ಕಡಿಮೆ ಮಾಡಿದೆ, "ಸಪ್ಪೆ" ಎಂದರು. ಅದರ ಮರುದಿನ ಎಷ್ಟು ಹಾಕಿದೆ ಎನ್ನುವುದೇ ಮರೆಯಿತು. ಕುದಿಯುವ ಬೇಳೆಯ ಮುಂದೆ ಸೌಟು ಹಿಡಿದು ಪೆದ್ದಿಯ ಹಾಗೆ ನಿಂತೆ. ಕ್ರೇಟಿನಲ್ಲಿ ಗುಬ್ಬಿ ಕತ್ತು ಚಾಚಿ ಬಾಯಿ ತೆರೆದಳು.

ಆ ಕ್ಷಣದಲ್ಲಿ ನಾನು ಏನೂ ಯೋಚಿಸಲಿಲ್ಲ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳು. ಯೋಚಿಸಿದೆ. ಒಂದು ಹನಿ ತಾನೇ ಎಂದುಕೊಂಡೆ. ಬೆರಳು ಅದ್ದಿ, ಆರಿಸಿ, ಅವಳ ನಾಲಿಗೆಗೆ ಮುಟ್ಟಿಸಿದೆ. ಹುಬ್ಬು ಗಂಟಿಕ್ಕಿ ತುಟಿ ಒಳಗೆಳೆದುಕೊಂಡಳು. ಜಾಸ್ತಿಯಾಗಿದೆ. ಒಂದು ಚೊಂಬು ನೀರು, ಎರಡು ಬೊಗಸೆ ಬೆಂದ ಬೇಳೆ ಸುರಿದು ಕುದಿಸಿ ಮತ್ತೆ ಬೆರಳು ಇಟ್ಟೆ. ಹುಬ್ಬು ಸಡಿಲಿತು. ಹೆಬ್ಬೆರಳು ಆಡಿತು.

ಆ ಮಧ್ಯಾಹ್ನ ಒಂದು ತಟ್ಟೆಯೂ ವಾಪಸು ಬರಲಿಲ್ಲ. "ಹಳೇ ಕೈ ವಾಪಸ್ ಬಂತು ನೋಡು!" ಎಂದು ಗ್ರೀಸಣ್ಣ ಎರಡು ಸಲ ಹಾಕಿಸಿಕೊಂಡ. ಈರುಳ್ಳಿ ತಲೆ ತಗ್ಗಿಸಿ ಈಳಿಗೆಗೆ ಮರಳಿದಳು. ನನಗೆ ಹೋದ ಜೀವ ಬಂತು.

ಅಲ್ಲಿಂದ ಮುಂದೆ ದಿನಕ್ಕೆ ಎರಡು ಪಾಳಿ, ಪಾಳಿಗೆ ಮೂರು ನಾಲ್ಕು ಬೆರಳು. ಮುನ್ನೂರು ಗಂಡಸರ ಊಟದ ಹದವನ್ನು ಏಳು ತಿಂಗಳ ಕೂಸು ಹೇಳುತ್ತಿತ್ತು. ಒಳಗೊಳಗೇ ಹೆಮ್ಮೆಯೂ ಆಗುತ್ತಿತ್ತು ಎಂದರೆ ನಂಬುತ್ತೀರಾ? ನನ್ನ ನಾಲಿಗೆ ಎಲ್ಲಿಯೂ ಹೋಗಿಲ್ಲ, ಮೊಮ್ಮಗಳ ಬಾಯಿಗೆ ಹೋಗಿದೆ ಅಷ್ಟೇ ಎಂದುಕೊಳ್ಳುತ್ತಿದ್ದೆ. ಎಂಥಾ ಸೊಕ್ಕು ನನ್ನದು!

ಎರಡು ವಾರದಲ್ಲಿ ಗುಬ್ಬಿ ತನ್ನ ಬಟ್ಟಲಿನ ಊಟಕ್ಕೆ ಮುಖ ತಿರುಗಿಸತೊಡಗಿದಳು. ಉಪ್ಪಿಗೆ ಮುಂಚೆ ತೆಗೆದಿಟ್ಟ ಬೇಳೆ ಬಾಯಿಗಿಟ್ಟರೆ ನಾಲಿಗೆಯಿಂದ ತಳ್ಳುವಳು. ಬೆರಳಿಗೆ ಮಾತ್ರ ಬಾಯಿ ತೆರೆಯುವಳು. ಒಂದು ದಿನ ಪೂರ್ತಿ ತಿನ್ನಲಿಲ್ಲ. ಸಂಜೆ ಮಗಳು ಬಂದು, "ಯಾಕಮ್ಮ ಸೊರಗಿದ್ದಾಳೆ? ನಾಳೆಯಿಂದ ಡಬ್ಬಿ ಶುರು ಮಾಡೋಣ್ವಾ?" ಎಂದಳು. ಡಬ್ಬಿ ಶುರುವಾದರೆ ಮಗುವನ್ನು ಡಿಪೋಗೆ ಕರೆದುಕೊಂಡು ಹೋಗಬೇಕಾದ ಕಾರಣವೇ ಇಲ್ಲ. ಅಂಗಡಿಯ ಪಕ್ಕದ ಮನೆಯ ಹೆಂಗಸೇ ಹಿಟ್ಟು ಕಲಸಿ ಕೊಟ್ಟಾಳು.

"ಹಲ್ಲು ಬರೋ ಹೊತ್ತು ಕಣೇ, ಎರಡು ದಿನ ತಡಿ" ಎಂದೆ.

ಮರುದಿನ ಉಪ್ಪು ಬಿದ್ದ ಮೇಲೆ ಪಾತ್ರೆಯಿಂದಲೇ ಅವಳ ಬಟ್ಟಲು ತುಂಬಿಸಿದೆ. ಕೊಟ್ಟ ಮಾತು ಮುರಿದದ್ದು ಹೀಗೆ. ಗುಬ್ಬಿ ಬಟ್ಟಲು ಬರಿದು ಮಾಡಿದಳು. ಸಂಜೆ ಮಗಳಿಗೆ ಖಾಲಿ ಬಟ್ಟಲು ತೋರಿಸಿ, "ನೋಡಿದ್ಯಾ, ಹೇಳಿರಲಿಲ್ವಾ?" ಎಂದೆ. ಅವಳು ನನ್ನ ಕೆನ್ನೆ ಹಿಂಡಿ, "ನೀನೇ ಗೆದ್ದೆ ಬಿಡಮ್ಮ" ಎಂದಳು. ಅವಳ ಮುಖ ಅಷ್ಟು ಹಗುರವಾಗಿದ್ದನ್ನು ನೋಡಿ ಬಹಳ ದಿನವಾಗಿತ್ತು.

ನನಗೆ ಹೊಳೆಯದ ವಿಷಯ ಒಂದಿತ್ತು. ದಿನಾ ಉಪ್ಪು ತಿನ್ನುವ ನಾಲಿಗೆ ಉಪ್ಪಿಗೆ ಒಗ್ಗಿಹೋಗುತ್ತದೆ. ಗುಬ್ಬಿಯ ಹೆಬ್ಬೆರಳು ಆಡಲು ನಿನ್ನೆಗಿಂತ ಇವತ್ತು ಒಂದು ಚಿಟಿಕೆ ಹೆಚ್ಚು ಬೇಕಾಗುತ್ತಿತ್ತು. ನಾನು ಹಾಕುತ್ತಿದ್ದೆ. ಅವಳು ತಿನ್ನುತ್ತಿದ್ದಳು. ಮತ್ತೆ ಬೇಕಾಗುತ್ತಿತ್ತು. ಮುಖ ನೋಡಿಕೊಂಡು ಉಪ್ಪು, ಉಪ್ಪು ತಿಂದು ಮುಖ. ಎರಡು ತಿಂಗಳು ಹೀಗೇ ಹೋಯಿತು. ತಟ್ಟೆಗಳು ಮತ್ತೆ ವಾಪಸು ಬರತೊಡಗಿದವು.

"ಅಕ್ಕಾ, ಇಲ್ಲಿ ಉಂಡು ಸ್ಟೀರಿಂಗ್ ಹಿಡಿದ್ರೆ ಬರೀ ನೀರು ನೀರು ಅನ್ಸುತ್ತೆ" ಎಂದ ಒಬ್ಬ ಡ್ರೈವರು.

"ರಾತ್ರಿ ಏನು ಕುಡಿದಿದ್ದೆ ಅಂತ ನೆನಪು ಮಾಡ್ಕೋ" ಎಂದು ಅವನ ಬಾಯಿ ಮುಚ್ಚಿಸಿದೆ.

ಗ್ರೀಸಣ್ಣ ಎರಡು ತುತ್ತಿಗೆ ಎದ್ದ. ತಟ್ಟೆ ಇಟ್ಟು ಹೋದ. ಈರುಳ್ಳಿ ಒಂದು ದಿನ ಹತ್ತಿರ ಬಂದು, ಮೆಲ್ಲಗೆ, "ಅಕ್ಕ, ಉಪ್ಪು ಒಂಚೂರು ಜಾಸ್ತಿ ಆಗ್ತಿದೆ ಅನ್ಸುತ್ತೆ" ಎಂದಳು. ಆ ದನಿಯಲ್ಲಿ ಮಸಲತ್ತು ಇರಲಿಲ್ಲ, ಈಗ ಯೋಚಿಸಿದರೆ ತಿಳಿಯುತ್ತದೆ. ಆಗ ನನ್ನ ಮೈ ಉರಿದುಹೋಯಿತು.

"ಹೌದಾ? ಆ ಹಾಲುಗಲ್ಲದ ಕೂಸು ಚಪ್ಪರಿಸ್ಕೊಂಡು ತಿಂತಿದೆ. ನಿನಗೆ ಜಾಸ್ತಿ ಆಗುತ್ತಾ? ಈಳಿಗೆ ನೋಡ್ಕೋ ಹೋಗು!"

ಅವಳು ಕ್ರೇಟಿನ ಕಡೆ ನೋಡಿದಳು. ಗುಬ್ಬಿ ಬಟ್ಟಲು ನೆಕ್ಕುತ್ತಿದ್ದಳು. "ಅದಕ್ಕೂ ಇದೇನಾ ಕೊಡ್ತಿರೋದು?" ಎಂದಳು ಈರುಳ್ಳಿ. ನಾನು ಪಾತ್ರೆಯ ಮುಚ್ಚಳ ದಡಾರನೆ ಹಾಕಿದೆ.

ಗುಬ್ಬಿಗೆ ನೀರಡಿಕೆ ಹೆಚ್ಚಿತ್ತು. ಲೋಟ ಕಂಡರೆ ಎರಡು ಕೈಯಲ್ಲಿ ಎಳೆದುಕೊಳ್ಳುವಳು. ಬೆಳಿಗ್ಗೆ ಕಣ್ಣ ಸುತ್ತ ಊದಿರುತ್ತಿತ್ತು. ಒಲೆಯ ಶಾಖ ಎಂದೆ, ನಿದ್ದೆ ಜಾಸ್ತಿ ಎಂದೆ. ಹೇಳಲು ಏನಾದರೂ ಒಂದು ಸಿಗುತ್ತಿತ್ತು.

ಅವಳಿಗೆ ಒಂಬತ್ತೂವರೆ ತಿಂಗಳಾದಾಗ ಭೇದಿ ಹಿಡಿಯಿತು. ಎರಡನೆಯ ದಿನ ಬೆಳಿಗ್ಗೆ ಮಗು ಕಣ್ಣು ಬಿಟ್ಟುಕೊಂಡೇ ಬಿದ್ದಿತ್ತು, ಕೂಗಿದರೂ ಕತ್ತು ತಿರುಗಿಸಲಿಲ್ಲ. ಮಗಳು ಚಪ್ಪಲಿಯನ್ನೂ ಹಾಕಿಕೊಳ್ಳದೆ ಆಸ್ಪತ್ರೆಗೆ ಓಡಿದಳು. ನಾನು ಹಿಂದೆ ಓಡಿದೆ.

ಮಕ್ಕಳ ವಾರ್ಡಿನ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ರಕ್ತದ ರಿಪೋರ್ಟು ನೋಡಿ ಅವಳ ಹುಬ್ಬು ಗಂಟಿಕ್ಕಿತು. "ರಕ್ತದಲ್ಲಿ ಉಪ್ಪಿನಂಶ ತುಂಬಾ ಏರಿದೆ. ಭೇದಿ ಆದಾಗ ನೀರು ಕಮ್ಮಿಯಾಗಿ ಸ್ವಲ್ಪ ಏರುತ್ತೆ, ಆದ್ರೆ ಇಷ್ಟಲ್ಲ. ಊಟದಲ್ಲಿ ಉಪ್ಪು ಕೊಡ್ತಿದೀರಾ?"

"ಇಲ್ಲವೇ ಇಲ್ಲ" ಎಂದಳು ಮಗಳು. ನನ್ನ ಭುಜದ ಮೇಲೆ ಕೈ ಇಟ್ಟಳು. "ನಮ್ಮಮ್ಮ ಇಪ್ಪತ್ತೆಂಟು ವರ್ಷದಿಂದ ಅಡುಗೆ ಮಾಡ್ತಿರೋರು ಡಾಕ್ಟ್ರೇ. ಉಪ್ಪಿಗೆ ಮುಂಚೆಯೇ ಇವಳ ಬಟ್ಟಲು ತೆಗೀತಾರೆ."

ಡಾಕ್ಟರು ನನ್ನ ಕಡೆ ತಿರುಗಿದಳು. "ಹೌದಾ ಅಜ್ಜಿ?"

ಇಲ್ಲಿ ಬಾಯಿ ಬಿಡಬೇಕಿತ್ತು. ಒಂದೇ ಮಾತು. ಮಗಳ ಕೈ ಭುಜದ ಮೇಲೆ ಬೆಚ್ಚಗಿತ್ತು. ನಾನು ತಲೆಯಾಡಿಸಿದೆ. ಕ್ಯಾಂಟೀನಿನಲ್ಲಿ ಹನಿ ನೋಡಿ ಆಡಿಸುವ ಹಾಗೆಯೇ, ಕಣ್ಣು ಅರ್ಧ ಮುಚ್ಚಿ.

"ಹಾಗಿದ್ರೆ ಕಿಡ್ನಿ ನೋಡ್ಬೇಕು" ಎಂದಳು ಡಾಕ್ಟರು.

ಆ ಹಗಲೆಲ್ಲ ನೋಡಿದರು. ಮುಂಗೈಯಲ್ಲಿ ನರ ಸಿಗಲಿಲ್ಲ, ಪಾದಕ್ಕೆ ಚುಚ್ಚಿದರು. ಒಂದು ಸಲ ತೆಗೆದ ರಕ್ತ ಸಾಲದೆಂದು ಮತ್ತೆ ಚುಚ್ಚಿದರು. ನಳಿಕೆ ಇಟ್ಟು ಮೂತ್ರ ತೆಗೆದರು. ಹೊಟ್ಟೆಗೆ ತಣ್ಣನೆಯ ಲೋಳೆ ಬಳಿದು ಯಂತ್ರ ಆಡಿಸಿದರು. ಗುಬ್ಬಿ ಅಳುತ್ತಿದ್ದಳು, ಕಣ್ಣಲ್ಲಿ ನೀರಿರಲಿಲ್ಲ. "ಕಾಲು ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದಳು ನರ್ಸು. ಮಗಳ ಕೈಯಲ್ಲಿ ಆಗಲಿಲ್ಲ, ಗೋಡೆ ಕಡೆ ತಿರುಗಿ ನಿಂತಳು. ನಾನು ಹಿಡಿದುಕೊಂಡೆ. ಆ ಹೆಬ್ಬೆರಳು ನನ್ನ ಮುಷ್ಟಿಯೊಳಗೇ ಇತ್ತು.

ಮರುದಿನ ಬೆಳಿಗ್ಗೆ ಡ್ರಿಪ್ಪಿನಿಂದ ಮಗು ಸ್ವಲ್ಪ ಕಣ್ಣಾಡಿಸಿತು. ಕಿಡ್ನಿಯಲ್ಲಿ ಏನೂ ಕಾಣುತ್ತಿಲ್ಲ, ಇನ್ನೂ ದೊಡ್ಡ ಪರೀಕ್ಷೆಗೆ ಬೇರೆ ಆಸ್ಪತ್ರೆಗೆ ಕಳಿಸಬೇಕಾಗಬಹುದು ಎಂದರು. ಮಗಳು ಒಂದೂವರೆ ದಿನದಿಂದ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ. ತುಟಿ ಒಡೆದಿತ್ತು. ಡಿಪೋಗೆ ಓಡಿದೆ, ಮಧ್ಯಾಹ್ನದ ಪಾಳಿಗೆ ನಾನೇ ಬೆಳಿಗ್ಗೆ ಎದ್ದು ಗುಬ್ಬಿಯ ಕೊನೆಯ ಅಳತೆಗೇ ಮಾಡಿಟ್ಟು ಬಂದಿದ್ದ ಬೇಳೆಯನ್ನು ಅನ್ನದ ಜೊತೆ ಕ್ಯಾರಿಯರಿಗೆ ತುಂಬಿಸಿಕೊಂಡು ಬಂದೆ. ಅವಳು ನನ್ನ ಕ್ಯಾಂಟೀನಿನ ಊಟ ಉಂಡು ತಿಂಗಳುಗಳೇ ಆಗಿದ್ದವು. ಆ ಹೊತ್ತಿಗೆ ನನಗೆ ಬೇರೇನೂ ಹೊಳೆಯಲಿಲ್ಲ, ಮಗಳು ಹಸಿದಿದ್ದಾಳೆ ಎನ್ನುವುದೊಂದೇ.

ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ, ಕಲಸಿ, ಕೈಗೆ ಕೊಟ್ಟೆ. ಒಂದು ತುತ್ತು ಬಾಯಿಗಿಟ್ಟಳು. ಅಲ್ಲೇ ಮುಚ್ಚಳಕ್ಕೆ ಉಗಿದಳು.

"ಅಮ್ಮ! ಏನಿದು? ಬಾಯಿಗಿಡೋಕೇ ಆಗಲ್ಲ!"

"ಯಾಕೆ? ಸರಿಯಾಗೇ ಇದೆಯಲ್ಲ."

"ರುಚಿ ನೋಡಿದ್ಯಾ ನೀನು?"

"ನೋಡದೇ ತರ್ತೀನೇನೇ? ಎರಡು ದಿನ ಉಪವಾಸ ಇದ್ದ ಬಾಯಿ, ಹಾಗೇ ಅನ್ಸುತ್ತೆ. ತಿನ್ನು, ಸುಮ್ನಿರು" ಎಂದೆ. ನಂಬಿಸಬೇಕಲ್ಲ. ಅವಳ ಕೈಯಿಂದ ಕ್ಯಾರಿಯರಿನ ಡಬ್ಬ ತೆಗೆದುಕೊಂಡು ನಾನೇ ಒಂದು ತುತ್ತು ತಿಂದೆ. ಎರಡು ತಿಂದೆ. ಮುಖದಲ್ಲಿ ಒಂದು ಗೆರೆ ಕದಲಿಸದೆ, ಚೆನ್ನಾಗಿ ಅಗಿದು, ನುಂಗಿ, ಮೂರನೆಯದಕ್ಕೆ ಕೈ ಹಾಕಿದೆ. "ನೋಡು, ಏನಾಗಿದೆ ಇದಕ್ಕೆ?"

ಮಗಳು ನನ್ನನ್ನೇ ನೋಡುತ್ತಿದ್ದಳು. ಮೊದಲು ಕಣ್ಣು ಕಿರಿದಾಯಿತು, ಆಮೇಲೆ ಬಾಯಿ ಅರ್ಧ ತೆರೆದುಕೊಂಡಿತು. ಮೆಲ್ಲಗೆ ತಲೆ ತಿರುಗಿಸಿ ಮಂಚದ ಮೇಲಿದ್ದ ಮಗುವನ್ನು ನೋಡಿದಳು. ಮತ್ತೆ ನನ್ನನ್ನು ನೋಡಿದಳು. ನನ್ನ ಕೈ ಡಬ್ಬದೊಳಗೇ ನಿಂತಿತು.

"ಯಾವಾಗಿಂದ?" ಎಂದಳು.

ಸುಳ್ಳಿಗೆ ಬಾಯಿ ತೆರೆದೆ, ಬರಲಿಲ್ಲ. "ಆ ಜ್ವರ ಬಂದಾಗಿಂದ" ಎಂದೆ.

"ಮತ್ತೆ ಇಷ್ಟು ದಿನ ಅಡುಗೆ ಹೆಂಗೆ..."

"ಗುಬ್ಬಿ ಮುಖ ನೋಡಿ."

ಅವಳು ಕಿರುಚಿಕೊಳ್ಳುತ್ತಾಳೆ ಎಂದುಕೊಂಡೆ. ಕಿರುಚಿಕೊಂಡಿದ್ದರೆ ಒಳ್ಳೆಯದಿತ್ತು. ದನಿ ಇನ್ನೂ ಸಣ್ಣದಾಯಿತು. "ನಿನ್ನ ಕೆಲಸ ಉಳಿಸ್ಕೊಳ್ಳೋಕೆ ನನ್ನ ಮಗಳ ನಾಲಿಗೆ ಬೇಕಾಯ್ತಾ ನಿನಗೆ?"

"ಹಾಗಲ್ಲ ಕಣೇ... ಮೊದಲು ಒಂದು ಬೆರಳು ಅಷ್ಟೇ... ಆಮೇಲೆ ಸಪ್ಪೆ ತಿನ್ನಲಿಲ್ಲ..."

"ನನಗೆ ಹೇಳಿದ್ರೆ ಸಾಕಿತ್ತು. ನಾನು ಏನಂತಿದ್ದೆ ಅಮ್ಮ? ಮನೇಲಿರು ಬಾ ಅಂತಿದ್ದೆ." ಡಬ್ಬದ ಮುಚ್ಚಳ ಹಾಕಿದಳು. ಮುಚ್ಚಳ ಕೂರಲಿಲ್ಲ, ಮತ್ತೆ ಒತ್ತಿದಳು. "ಅದೂ ಹೋಗ್ಲಿ. ನಿನ್ನೆ ಡಾಕ್ಟರು ಕೇಳಿದಾಗ ನಿನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ನಿದ್ದೆ. ಅವಳ ಪಾದಕ್ಕೆ ಚುಚ್ಚುವಾಗ ಕಾಲು ಹಿಡ್ಕೊಂಡಿದ್ದು ನೀನು."

ಅನ್ನ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡೆ.

ಅವಳೇ ಎದ್ದು ಹೋಗಿ ಡಾಕ್ಟರಿಗೆ ಹೇಳಿದಳು. ದೊಡ್ಡ ಪರೀಕ್ಷೆ ರದ್ದಾಯಿತು. ಡ್ರಿಪ್ಪು ಇನ್ನೂ ಎರಡು ದಿನ ಇತ್ತು, ಮೂರನೆಯ ದಿನ ಗುಬ್ಬಿ ಕೂತಳು. ಮನೆಗೆ ಕಳಿಸುವಾಗ ಆ ಹುಡುಗಿ ಡಾಕ್ಟರು ನಮ್ಮಿಬ್ಬರನ್ನೂ ನಿಲ್ಲಿಸಿ ಹೇಳಿದಳು: "ಮನೆ ಊಟವೇ ಕೊಡಿ. ಜೀರಿಗೆ, ಬೆಳ್ಳುಳ್ಳಿ, ಮೆಣಸು, ಚಕ್ಕೆ ಎಲ್ಲಾ ಹದವಾಗಿ ಒಳ್ಳೇದೇ. ನಿಮ್ಮ ಪದ್ಧತಿ ಸರಿಯಾಗೇ ಇತ್ತು ಅಜ್ಜಿ. ಉಪ್ಪಿಗೆ ಮುಂಚೆ ತೆಗೆದಿದ್ರೆ ಸಾಕಿತ್ತು."

ಮಗಳು ಆ ಮಾತನ್ನು ಕೇಳಿಸಿಕೊಳ್ಳಲೂ ಇಲ್ಲ. "ಇನ್ನು ಬರೀ ಡಬ್ಬಿ" ಎಂದಳು. ನಾನು ಸತ್ಯ ಹೇಳಿದ್ದು ಮನೆ ಊಟದ ಆ ವಿಷಯ ಒಂದೇ ಆಗಿತ್ತು, ನನ್ನ ಸುಳ್ಳಿನ ಜೊತೆ ಅದೂ ಹೋಯಿತು.

ಡಿಪೋದಲ್ಲಿ ನಾನೇ ಹೋಗಿ ಸೂಪರ್‌ವೈಸರಿಗೆ ಹೇಳಿದೆ. ಮುಚ್ಚಿಡಲು ಇನ್ನೇನು ಉಳಿದಿತ್ತು? ಅವನು ಬಯ್ಯಲಿಲ್ಲ. ಸೌಟು ಈರುಳ್ಳಿಗೆ ಹೋಯಿತು, ಈಳಿಗೆ ನನಗೆ ಬಂತು. ಮೊದಲ ದಿನ ಅವಳು ಸೌಟು ಹಿಡಿದು ನನ್ನ ಕಡೆ ಬಂದು, "ಅಕ್ಕ, ಉಪ್ಪು ಎಷ್ಟು ಹಿಡಿ ಹಾಕ್ಲಿ?" ಎಂದು ಕೇಳಿದಳು. ಮರ್ಯಾದೆಗೆ ಕೇಳಿದ್ದು, ಚುಚ್ಚುವುದಕ್ಕಲ್ಲ. "ನಿನ್ನ ನಾಲಿಗೆ ಇದೆಯಲ್ಲ, ನೋಡ್ಕೋ" ಎಂದೆ. ದಿನಾ ಒಂದು ಮೂಟೆ ಈರುಳ್ಳಿ ಹೆಚ್ಚುತ್ತೇನೆ. ವಾಸನೆ ಬಾರದಿದ್ದರೂ ಕಣ್ಣಲ್ಲಿ ನೀರು ಮಾತ್ರ ಧಾರಾಳವಾಗಿ ಬರುತ್ತದೆ. ಗ್ರೀಸಣ್ಣ ನೋಡಿ ಏನೋ ತಮಾಷೆ ಮಾಡಲು ಬಾಯಿ ತೆರೆದವನು ತಟ್ಟೆ ಎತ್ತಿಕೊಂಡು ಹೋದ.

ಭಾನುವಾರ ಮಾತ್ರ ಬಾ ಎಂದಿದ್ದಾಳೆ ಮಗಳು. ಹೋದ ಭಾನುವಾರ ಹೋಗಿದ್ದೆ. ಗುಬ್ಬಿಗೆ ಹನ್ನೊಂದು ತಿಂಗಳು. ಬಾಗಿಲಲ್ಲೇ ಮಗಳು, "ಕೈ ತೊಳ್ಕೊಂಡು ಬಾ" ಎಂದಳು. ತೊಳೆದು ಬಂದೆ. ನನ್ನ ಕೈಯನ್ನೇ ನೋಡಿ, "ಇನ್ನೊಂದ್ಸಲ" ಎಂದಳು. ಸೋಪು ಹಚ್ಚಿ ಉಗುರ ಸಂದಿ ಉಜ್ಜಿ ಮತ್ತೆ ತೊಳೆದೆ.

ಮೇಜಿನ ಮೇಲೆ ಡಬ್ಬಿ ಇತ್ತು. ಮಗಳು ಹಿಟ್ಟು ಕಲಸಿ ಚಮಚ ಹಿಡಿದು ಕೂತಿದ್ದಳು. ಗುಬ್ಬಿ ತುಟಿ ಬಿಗಿದು ಮುಖ ಆ ಕಡೆ, ಈ ಕಡೆ. ಚಮಚ ಕೆನ್ನೆಗೆ, ಮೂಗಿಗೆ, ಬಟ್ಟೆಗೆ ತಗುಲುತ್ತಿತ್ತು. ಮಗಳ ಕಣ್ಣ ಕೆಳಗೆ ಕಪ್ಪು ಇಳಿದಿತ್ತು. ದಿನಾ ಹೀಗೇನಾ ಎಂದು ಕೇಳಬೇಕೆಂದುಕೊಂಡೆ, ಕೇಳುವ ಮುಖ ನನಗಿರಲಿಲ್ಲ. ಜೀರಿಗೆ ಹಾಕಿ ಒಂದು ಹಿಡಿ ಬೇಳೆ ಬೇಯಿಸಿದರೆ ಸಾಕು, ಉಪ್ಪು ಇಲ್ಲದೆಯೂ ನಾಲ್ಕು ದಿನಕ್ಕೆ ಮತ್ತೆ ಒಗ್ಗುತ್ತಾಳೆ. ಅದನ್ನೂ ಹೇಳಲಿಲ್ಲ. ನನ್ನ ಬಾಯಿಂದ ಬಂದರೆ ಅದು ಆ ಮನೆಯಲ್ಲಿ ವಿಷ.

ಗುಬ್ಬಿ ನನ್ನನ್ನು ನೋಡಿದಳು. ನೆಲದ ಮೇಲೆ ಅಂಬೆಗಾಲಿಟ್ಟು ಬಂದು ನನ್ನ ಕೈ ಹಿಡಿದುಕೊಂಡಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಬಲಗೈಯ ತೋರುಬೆರಳನ್ನೇ ಹುಡುಕಿ ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಚೀಪಿದಳು. ನಾನು ಅವಳ ಕಾಲಿನ ಕಡೆ ನೋಡುತ್ತಿದ್ದೆ. ಹೆಬ್ಬೆರಳು ಆಡಲಿಲ್ಲ. ಬೆರಳು ಹೊರಗೆ ತೆಗೆದು ಅದನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

ಆ ಮುಖ ನನಗೆ ಓದಲು ಬರುತ್ತದೆ. ಸಪ್ಪೆ ಎನ್ನುತ್ತಿತ್ತು.

"ಏನಂತೆ ಅವಳಿಗೆ?" ಎಂದಳು ಮಗಳು, ಚಮಚದಿಂದ ಕಣ್ಣೆತ್ತದೆ.

"ಏನಿಲ್ಲ" ಎಂದೆ. ಗುಬ್ಬಿ ಬೆರಳು ಬಿಟ್ಟು ಕತ್ತು ಚಾಚಿ ಬಾಯಿ ತೆರೆದುಕೊಂಡು ಕೂತಿದ್ದಳು. ನಾನು ಎರಡು ಕೈಯನ್ನೂ ತೊಡೆಯ ಕೆಳಗೆ ಹಾಕಿ ಕೂತೆ.